ಸುಗಲಕ್ಕ ಕಳಿಸಿದ ಟಿಕೀಟುಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಮನುಷ್ಯನಲ್ಲ. ಮೂವತ್ತೆರಡು ವರ್ಷ ಅಫಜಲಪುರದ ಆಸುಪಾಸಿನ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವನು. ನಮ್ಮ ಕಡೆ ಭಾನಾಮತಿ ಎಂಬ ಮಾಟದ ಭಯ ಎಂಥದಿತ್ತು ಎಂಬುದು ಹಿರಿಯರಿಗೆ ಗೊತ್ತು. ಅನ್ನದಲ್ಲಿ ಕೂದಲು ಬಂತು, ಗೂಟಕ್ಕೆ ಹಾಕಿದ ಸೀರೆಗೆ ತಾನೇ ಬೆಂಕಿ ಹತ್ತಿತು ಎಂದು ಯಾವ ಹಳ್ಳಿಯಲ್ಲಿ ಗುಲ್ಲೆದ್ದರೂ ನಾನು ಸೈಕಲ್ ಹತ್ತಿ ಹೋಗುತ್ತಿದ್ದೆ. ಕಟ್ಟೆಯ ಮೇಲೆ ಜನ ಸೇರಿಸಿ, ರಂಜಕ ಹಚ್ಚಿದ ಬಟ್ಟೆ ಒಣಗಿದ ಮೇಲೆ ಹೇಗೆ ತಾನೇ ಹೊತ್ತಿಕೊಳ್ಳುತ್ತದೆ ಎಂದು ತೋರಿಸಿ, ನಾಲ್ಕು ಮಾತು ಬೈದು ಬರುತ್ತಿದ್ದೆ. ಗೊಬ್ಬೂರಲ್ಲಿ ಒಬ್ಬ ಮುದುಕಿ ನನ್ನ ಪ್ರಯೋಗವನ್ನೆಲ್ಲ ಕೊನೆತನಕ ನೋಡಿ, "ಮಾಸ್ತರ್ರ, ನಿಮಗ ಒಮ್ಮಿ ಆಗ್ಲಿ, ಆವಾಗ ಮಾತಾಡೂಣು" ಅಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಬರೆಯಲು ಹೊರಟಿರುವುದರಲ್ಲಿ ಕತ್ತಲೆ ಇಲ್ಲ, ಸ್ಮಶಾನ ಇಲ್ಲ, ಬಿಳಿ ಸೀರೆ ಇಲ್ಲ. ಆರು ವರ್ಷದ ಹಿಂದೆ ಬೇಸಿಗೆಯಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ನಮ್ಮ ಮನೆಯ ಪಡಸಾಲೆಯಲ್ಲಿ ಆದದ್ದು. ನೀವು ನಂಬಲೇಬೇಕೆಂದು ನನ್ನ ಒತ್ತಾಯವಿಲ್ಲ. ಬೇರೆ ಯಾರಾದರೂ ಬಂದು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಶುರುವಾದದ್ದು ಒಂದು ವಿಡಿಯೋದಿಂದ. ನಿವೃತ್ತ ಮಾಸ್ತರರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಹಳೆಯ ಅಂಚೆ ಚೀಟಿಗಳು ನಿಮ್ಮ ಮನೆಯಲ್ಲಿವೆಯೇ, ಹುಡುಕಿ, ಲಕ್ಷ ಬೆಲೆ ಬಾಳಬಹುದು ಎಂದು ಒಬ್ಬ ಕೈ ತಿರುಗಿಸುತ್ತ ಹೇಳುತ್ತಿದ್ದ. ನಿಜಾಮನ ಕಾಲದ ಒಂದು ಚೀಟಿಯನ್ನೂ ತೋರಿಸಿದ. ಇಂಥ ಸುಳ್ಳು ಹರಡಬೇಡಿರೋ ಎಂದು ಗುಂಪಿನಲ್ಲಿ ಬೈದು ಬರೆದೆ. ಬರೆದವನೇ ಎದ್ದು ಹೋಗಿ ಅವ್ವನ ತಗಡಿನ ಟ್ರಂಕಿನ ಕೀಲಿ ಹುಡುಕತೊಡಗಿದೆ. ಇಂಥ ಮನುಷ್ಯ ನಾನು.

ಆ ಟ್ರಂಕು ಅವ್ವ ತೀರಿಕೊಂಡ ಮೇಲೆ ನಮ್ಮೂರು ಅತನೂರಿನಿಂದ ನನ್ನ ಮನೆಗೆ ಬಂದು ಮಾಳಿಗೆಯ ಮೇಲೆ ಬಿದ್ದಿತ್ತು. ತೆರೆದರೆ ನಿಜಾಮನ ಕಾಲದ್ದು ಒಂದೂ ಇರಲಿಲ್ಲ. ಇದ್ದದ್ದು ಸೀರೆಯ ಅಂಚಿನಿಂದ ಕಟ್ಟಿದ, ಪತ್ರಗಳ ಎಂಟು ಪಾಕೀಟು. ನನಗೆ ನೋಡಿದ ಕೂಡಲೇ ಗುರುತು ಹತ್ತಿತು. ಏಳು ನನ್ನ ಅಕ್ಕ ಸುಗಲಕ್ಕ ತನ್ನ ಗಂಡನ ಮನೆಯಿಂದ ಬರೆದವು. ಎಂಟನೆಯದು ನಾನು ಅವಳಿಗೆ ಬರೆದದ್ದು, ಅವಳಿಗೆ ಮುಟ್ಟದೆ ಹಿಂದಿರುಗಿ ಬಂದದ್ದು.

ಸುಗಲಕ್ಕನ ವಿಷಯ ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವಳು ನನಗಿಂತ ಐದು ವರ್ಷ ದೊಡ್ಡವಳು, ಎಡಗೈಯವಳು. ಏಳನೆಯ ಇಯತ್ತೆಗೆ ಸಾಲೆ ಬಿಡಿಸಿದರು. ನನಗೆ ಚಿಕ್ಕಂದಿನಲ್ಲಿ ಟಿಕೀಟು ಕೂಡಿಸುವ ಹುಚ್ಚಿತ್ತು. ನಮ್ಮೂರಲ್ಲಿ ಅಂಚೆ ಚೀಟಿಗೆ ಟಿಕೀಟು ಅಂತಲೇ ಅನ್ನುವುದು. ಗೌಡರ ಮನೆ, ಅಡತಿ ಅಂಗಡಿ, ಮಠ ಎಲ್ಲ ಕಡೆ ತಿರುಗಿ ಹಳೆ ಪಾಕೀಟು ಬೇಡಿ ತರುವವನು ನಾನು, ಅದರ ಟಿಕೀಟು ಬಿಚ್ಚುವವಳು ಅಕ್ಕ. ಊಟದ ಗಂಗಾಳದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲಿ ಪಾಕೀಟಿನ ತುಂಡು ತೇಲಿಬಿಡುತ್ತಿದ್ದಳು. ನಾನು ಅವಸರ ಮಾಡಿದರೆ ಕೈಮೇಲೆ ಪಟ್ಟೆಂದು ಹೊಡೆಯುತ್ತಿದ್ದಳು. ಅಂಟು ನೆನೆದ ಮೇಲೆ ಎಡಗೈ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಮಣೆಯ ಹಿಂಬದಿಗೆ ಹಚ್ಚಿ ಒಣಗಿಸುತ್ತಿದ್ದಳು. ಉಣ್ಣುವ ಗಂಗಾಳ ಹೊಲಸು ಮಾಡಿದಿರಿ ಎಂದು ಅವ್ವ ದಿನಾ ಬೈಯುತ್ತಿದ್ದಳು.

ಅವಳನ್ನು ಜೇವರ್ಗಿ ದಾಟಿ ಯಡ್ರಾಮಿ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಹೊಲ ಮನೆ ಎಲ್ಲ ಇದ್ದ ಜನ. ಹೊರಡುವ ದಿನ ಎಲ್ಲರೂ ಅಳುತ್ತಿದ್ದಾಗ ಅವಳು ನನ್ನನ್ನು ಬದಿಗೆ ಕರೆದು, "ನಿನ್ನ ಸಲುವಾಗಿ ಟಿಕೀಟ ಹಚ್ಚಿ ಪತ್ರ ಬರೀತೇನಿ. ಬಿಚ್ಚಿ ಇಟ್ಕೋ, ಮರೀಬ್ಯಾಡ" ಅಂದಳು. ಮರೆಯುವುದಿಲ್ಲ ಎಂದು ನಾನು ಆಣೆ ಮಾಡಿದೆ.

ಮುಂದಿನ ತಿಂಗಳೇ ನಾನು ಆಳಂದದ ಹಾಸ್ಟೆಲಿಗೆ ಹೋದೆ. ಅಲ್ಲಿ ಟಿಕೀಟಿನ ವಹಿ ತೆಗೆದು ತೋರಿಸಿದ ಮೊದಲ ದಿನವೇ ಹುಡುಗರು ಆಡಿಕೊಂಡು ನಕ್ಕರು. ಆವತ್ತೇ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅಕ್ಕನ ಪತ್ರಗಳು ಅತನೂರಿಗೆ ಬರುತ್ತಿದ್ದವು. ಅವ್ವನಿಗೆ ಅಕ್ಷರ ಬಾರದು. ಅಪ್ಪ ನಿಜಾಮನ ಕಾಲದಲ್ಲಿ ಉರ್ದು ಕಲಿತವರು, ಕನ್ನಡ ತಡವರಿಸಿ ಓದುವರು. ಹೀಗಾಗಿ ನಾನು ಸೂಟಿಗೆ ಊರಿಗೆ ಹೋದಾಗಲೇ ಪತ್ರ ಒಡೆಯುವುದು. ಎಲ್ಲ ಪತ್ರಗಳಲ್ಲೂ ಬರೆದದ್ದು ಒಂದೇ. ನಾನು ಇಲ್ಲಿ ಕ್ಷೇಮ, ಅತ್ತೆ ಮಾವ ಮಗಳಂತೆ ನೋಡಿಕೊಳ್ಳುತ್ತಾರೆ, ದನ ಈದಿದೆ. ಕೊನೆಯಲ್ಲಿ ತಪ್ಪದೆ ಒಂದು ಸಾಲು, ತಮ್ಮನಿಗೆ ಟಿಕೀಟು ಬಿಚ್ಚಿಕೊಳ್ಳಲು ಹೇಳಿರಿ. ನಾನು ಆ ಸಾಲನ್ನು ಅವ್ವನೆದುರು ರಾಗವಾಗಿ ಓದಿ ನಗುತ್ತಿದ್ದೆ.

"ಆಕಿ ಅಷ್ಟು ಹೇಳ್ಯಾಳ, ಬಿಚ್ಕೊಳಲ್ಲೇನೋ?" ಎಂದು ಅವ್ವ ಕೇಳುವಳು. ಇಟ್ಟಿರು, ಆಮೇಲೆ ನೋಡ್ತೇನಿ ಎಂದು ನಾನು ಹೊರಗೆ ಹೋಗುವವನು. ಅವಳು ಇಡುತ್ತ ಹೋದಳು.

ಅಂಚೆ ಕಚೇರಿಯಲ್ಲಿ ಸಿಗುವ ಲಕೋಟೆಗೆ ಟಿಕೀಟು ಮುದ್ರಿಸಿಯೇ ಇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಸಾದಾ ಪಾಕೀಟು ತರಿಸಿ, ಬೇರೆ ಟಿಕೀಟು ಹಚ್ಚಿ ಕಳಿಸಬೇಕಾದರೆ ಅವಳು ಅಲ್ಲಿ ಯಾರ ಯಾರ ಕೈಕಾಲು ಹಿಡಿಯಬೇಕಾಗಿತ್ತೋ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯುವುದು ಬಿಡಿ, ಪಂಚಮಿ ಕಳೆದ ಮೇಲೆ ನಾನೇ ಅವಳಿಗೊಂದು ಪತ್ರ ಬರೆದೆ. ಅಂಗಡಿಯಲ್ಲಿ ದೊಡ್ಡಸ್ತಿಕೆಗೆ ಹಳದಿ ಬಣ್ಣದ ಪಾಕೀಟು ಕೊಂಡು, ಆಳಂದದ ಟಪಾಲು ಆಫೀಸಿನಲ್ಲಿ ಟಿಕೀಟು ತೆಗೆದುಕೊಂಡು, ಅಲ್ಲೇ ಕಟ್ಟೆಯ ಮೇಲಿದ್ದ ಅಂಟಿನ ಡಬ್ಬಿಯಿಂದ ಅಂಟು ಬಳಿದು ನನ್ನ ಕೈಯಾರೆ ಹಚ್ಚಿದೆ. ಒಳಗೆ ಬರೆದದ್ದು ಇಷ್ಟು. ನಾನು ಟಿಕೀಟಿನ ಹುಚ್ಚು ಬಿಟ್ಟೇನಿ, ಅವು ಸಣ್ಣ ಹುಡುಗರ ಆಟ, ಇನ್ನು ಮೇಲೆ ಸಾದಾ ಕಾರ್ಡು ಬರೆದರೆ ಸಾಕು.

ಅದೇ ವಾರ ಅತನೂರಿಗೆ ಮೂಲೆ ಹರಿದ ಕಾರ್ಡು ಬಂತು. ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದಿರುತ್ತದೆ. ಅದನ್ನು ಮನೆಯೊಳಗೆ ತರುವುದಿಲ್ಲ, ಹೊಸ್ತಿಲ ಹೊರಗೇ ಓದಿ ಚೂರು ಮಾಡಿ ಬಿಸಾಡುತ್ತಾರೆ. ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳು ಎಂದು ಬರೆದಿತ್ತಂತೆ. ಅಪ್ಪ ಹೋಗಿ ಬಂದರು. ಹೋದಾಕಿ ಹೋದಳು, ಮಾತು ಬೆಳೆಸಬ್ಯಾಡ್ರಿ ಅಂದರು. ನಾವು ಯಾರೂ ಬೆಳೆಸಲಿಲ್ಲ.

ತಿಂಗಳು ಕಳೆದು ನನ್ನ ಹಳದಿ ಪಾಕೀಟು ಹಾಸ್ಟೆಲಿಗೆ ಹಿಂದಿರುಗಿ ಬಂತು. ವಿಳಾಸದಾರರು ತೀರಿಕೊಂಡಿದ್ದಾರೆ ಎಂದು ಅಂಚೆಯವರು ಕೆಂಪು ಮಸಿಯಲ್ಲಿ ಬರೆದಿದ್ದರು. ಬಾಯಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಒಡೆಯಲು ಧೈರ್ಯ ಬರಲಿಲ್ಲ, ಬಿಸಾಡಲೂ ಮನಸ್ಸು ಬರಲಿಲ್ಲ. ಒಯ್ದು ಅವ್ವನ ಕೈಗೆ ಕೊಟ್ಟೆ. ಇದೂ ಆಕೀದೇನು ಎಂದು ಕೇಳಿದಳು. ಹ್ಞೂಂ ಅಂದೆ. ಅದನ್ನೂ ಉಳಿದವುಗಳ ಜೊತೆ ಕಟ್ಟಿಟ್ಟಳು. ಮುಂದಿನ ನಲವತ್ತು ವರ್ಷ ನಾನು ಒಂದೇ ಮಾತಿನಿಂದ ಸಮಾಧಾನ ಮಾಡಿಕೊಂಡೆ, ಆ ಪತ್ರವನ್ನು ಅಕ್ಕ ಓದಲಿಲ್ಲ ಎಂದು.

ಇಂಥ ಕಟ್ಟು ಕೈಗೆ ಸಿಕ್ಕಾಗ ಯಾರಾದರೂ ಕೂತು ಅತ್ತಾರು. ನಾನು ಕನ್ನಡಕ ಹಾಕಿಕೊಂಡು ಟಿಕೀಟಿನ ಅಂಚಿನ ಹಲ್ಲು ಸರಿಯಿವೆಯೇ ಎಂದು ನೋಡಿದೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಮರುದಿನ ಬಸ್ಸು ಹಿಡಿದು ಆಳಂದಕ್ಕೆ ಹೋದೆ. ಅಲ್ಲಿ ಗಡಿಯಾರ ರಿಪೇರಿಯ ಮೆಹಬೂಬಸಾಬರಿದ್ದರು. ಹಳೆಯ ನಾಣ್ಯ, ನಿಜಾಮನ ಕಾಲದ ಟಿಕೀಟುಗಳ ಬಗ್ಗೆ ಬಲ್ಲವರು ಎಂದು ಹೆಸರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಂಟೂ ಪಾಕೀಟನ್ನು ಒಂದೊಂದಾಗಿ, ಗಡಿಯಾರದ ಹೊಟ್ಟೆ ನೋಡುವಷ್ಟೇ ಹೊತ್ತು ನೋಡಿದರು. ಆಮೇಲೆ ಕನ್ನಡಿ ತೆಗೆದು ಚಹಾ ತರಿಸಿದರು. ಚಹಾ ತರಿಸಿದಾಗಲೇ ನನಗೆ ಗೊತ್ತಾಯಿತು.

"ಬೇಜಾರ ಮಾಡ್ಕೋಬ್ಯಾಡ್ರಿ ಮಾಸ್ತರ್ರ. ಇವು ಲಾಖೋಂ ಛಾಪಿಸಿದ ಮಾಲ್. ಈ ಚಾದ ರೊಕ್ಕಾ ಸೈತ ಹುಟ್ಟಂಗಿಲ್ಲ" ಅಂದರು.

ಮತ್ತೆ ಅಷ್ಟು ಹೊತ್ತು ಏನು ನೋಡಿದಿರಿ ಎಂದು ನಾನು ಸಿಡುಕಿದೆ. ಟಿಕೀಟು ಆ ಪಾಕೀಟಿನದೇ ಹೌದೋ, ಯಾರಾದರೂ ಬಿಚ್ಚಿ ಮತ್ತೆ ಹಚ್ಚಿದ್ದೋ ಎಂದು ನೋಡುವುದು ಮೊದಲ ಕೆಲಸವಂತೆ. ಹಳದಿ ಪಾಕೀಟು ಎತ್ತಿ ತೋರಿಸಿದರು. ಅಂಚೆಯವರು ಒತ್ತಿದ ಕರಿ ಶಿಕ್ಕಾ ಅರ್ಧ ಟಿಕೀಟಿನ ಮೇಲೆ, ಅರ್ಧ ಪಾಕೀಟಿನ ಮೇಲೆ ಬಿದ್ದಿತ್ತು. "ಗೆರಿಗೆ ಗೆರಿ ಕೂಡ್ಯಾವ ನೋಡ್ರಿ. ಶಿಕ್ಕಾ ಬಿದ್ದ ಮ್ಯಾಲ ಇದು ಒಮ್ಮೆನೂ ಎದ್ದಿಲ್ಲ. ಎದ್ದಿದ್ರ ಕೂದಲೆಳಿಯಷ್ಟರ ಸರೀತಿತ್ತು." ಶಿಕ್ಕಾದಲ್ಲಿ ಆಳಂದ ಎಂಬುದು ಓದಲು ಬರುತ್ತಿತ್ತು, ತಾರೀಖು ಮಸಿ ಹರಡಿ ಹೋಗಿತ್ತು. ನೀರಿಗೆ ಮಾತ್ರ ಹಾಕಬೇಡಿ, ಪಾಕೀಟಿನ ಸಮೇತ ಇಟ್ಟರೆ ಮುಂದೆ ಯಾರಾದರೂ ಕೇಳಿಯಾರು ಎಂದು ಎರಡು ಸಲ ಹೇಳಿ ಕಳಿಸಿದರು.

ಬಸ್ಸಿನಲ್ಲಿ ಕೂತವನಿಗೆ ಸಂಶಯ ಶುರುವಾಯಿತು. ಬೆಲೆಯಿಲ್ಲದ್ದನ್ನು ಜೋಪಾನ ಮಾಡು ಎಂದು ಯಾರು ಹೇಳುತ್ತಾರೆ? ಇವನೇ ಮುಂದೆ ಯಾರನ್ನೋ ಕಳಿಸಿ ಕೊಳ್ಳುವ ಆಟ ಇರಬೇಕು ಎನಿಸಿತು. ಪಾಪದ ಮನುಷ್ಯ, ತಮ್ಮ ಕಾಸಿನಲ್ಲಿ ಚಹಾ ಕುಡಿಸಿದ್ದರು. ವಿಡಿಯೋದವನು ಇನ್ನೊಂದು ಮಾತು ಹೇಳಿದ್ದ. ಕೆಲವು ಟಿಕೀಟುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಕಾಗದದೊಳಗೆ ಒಂದು ಗುರುತು ಕಾಣುತ್ತದೆ, ಅದು ತಲೆಕೆಳಗಾಗಿದ್ದರೆ ನಿಮ್ಮ ನಸೀಬು ಖುಲಾಯಿಸಿತು ಎಂದು. ಬಿಚ್ಚದೆ ಅದು ಕಾಣುವುದಿಲ್ಲ. ಬಿಚ್ಚಿಯೇ ನೋಡುವುದು ಎಂದು ನಿಶ್ಚಯಿಸಿದೆ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ನನ್ನ ಹೆಂಡತಿ ಮಹಾನಂದಾ ಒಳಗೆ ಅಡ್ಡಾಗಿದ್ದಳು. ನಾನು ಪಡಸಾಲೆಯಲ್ಲಿ ಗಂಗಾಳಕ್ಕೆ ಉಗುರುಬೆಚ್ಚಗಿನ ನೀರು ಹಾಕಿ, ಮೊದಲ ಪಾಕೀಟಿನ ಮೂಲೆ ಕತ್ತರಿಸಿ ತೇಲಿಬಿಟ್ಟೆ. ಅಕ್ಕನ ಏಟು ನೆನಪಾಗಿ ಅವಸರ ಮಾಡಲಿಲ್ಲ. ಟಿಕೀಟು ಎದ್ದಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಗುರುತು ನೆಟ್ಟಗೇ ಇತ್ತು. ಥತ್ ಎಂದು ಕೆಳಗಿಟ್ಟು, ನೀರಲ್ಲಿದ್ದ ಪಾಕೀಟಿನ ತುಂಡನ್ನು ಎಸೆಯಲೆಂದು ಎತ್ತಿದೆ. ಟಿಕೀಟು ಇದ್ದ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಬಾಲ್‌ಪೆನ್ನಿನಿಂದ ಏನೋ ಬರೆದಿತ್ತು. ಎಡಕ್ಕೆ ವಾಲಿದ ಸಣ್ಣ ಅಕ್ಷರ.

"ಇಲ್ಲಿ ಛಲೋ ಇಲ್ಲ. ಅಪ್ಪಗ ಹೇಳು."

ನನಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ ತಿಳಿಯದು. ಅವಳ ಪತ್ರಗಳನ್ನು ಗಂಡನ ಮನೆಯಲ್ಲಿ ಓದಿ ನೋಡಿಯೇ ಟಪಾಲಿಗೆ ಹಾಕುತ್ತಿದ್ದರು. ಅದಕ್ಕೇ ಒಳಗೆಲ್ಲ ಕ್ಷೇಮ. ಪಾಕೀಟಿನ ಮೇಲೆ ಟಿಕೀಟು ಹಚ್ಚುವುದಷ್ಟೇ ಅವಳ ಪಾಲಿಗೆ ಉಳಿದಿತ್ತು. ಜಗತ್ತಿನಲ್ಲಿ ಒಬ್ಬನೇ ಒಬ್ಬ ಟಿಕೀಟು ಬಿಚ್ಚಿ ನೋಡುವವನಿದ್ದ, ಅವನಿಗಾಗಿ ಅದರ ಅಡಿಯಲ್ಲಿ ಬರೆದಳು. ತಮ್ಮನಿಗೆ ಬಿಚ್ಚಿಕೊಳ್ಳಲು ಹೇಳಿರಿ ಎಂದು ಪ್ರತಿ ಸಲ ಬರೆದು ನೆನಪಿಸಿದಳು. ಆ ಸಾಲನ್ನು ನಾನು ರಾಗವಾಗಿ ಓದಿದ್ದೆ.

ಅಕ್ಕನ ಉಳಿದ ಆರನ್ನೂ ಕತ್ತರಿಸಿ ನೀರಿಗೆ ಹಾಕಿದೆ. ಅಪ್ಪಗ ಹೇಳ್ದಿಯೇನು ಎಂದು ಎರಡನೆಯದರಲ್ಲಿತ್ತು. ಹೊಡಿತಾರ, ಅವ್ವಗ ಹೇಳಬ್ಯಾಡ ಎಂದು ಮುಂದಿನದರಲ್ಲಿ. ಒಂದರಲ್ಲಿ ಬರೀ ಕರಕೊಂಡು ಹೋಗು ಎಂದಿತ್ತು. ಐದನೆಯದರಲ್ಲಿ ಹೀಗಿತ್ತು. "ಪಂಚಮಿಗೆ ನೀನೇ ಬಾ. ಆಳಿನ ಕೂಡ ಕಳಸಂಗಿಲ್ಲ." ಆ ವರ್ಷ ನಾಗರಪಂಚಮಿಗೆ ಅಕ್ಕನನ್ನು ಕರೆತರಲು ಅಪ್ಪ ನನಗೇ ಹೋಗೆಂದಿದ್ದರು. ಹಾಸ್ಟೆಲಿನ ಹುಡುಗರ ಜೊತೆ ಸಿನಿಮಾ ನೋಡಲು ಕಲಬುರಗಿಗೆ ಹೋಗುವುದಿತ್ತು, ಪರೀಕ್ಷೆ ಎಂದು ಸುಳ್ಳು ಹೇಳಿದೆ. ಆಳನ್ನು ಕಳಿಸಿದರು. ಅವನು ಒಬ್ಬನೇ ಬಂದ. ಆರನೆಯದರಲ್ಲಿ, ಬಿಚ್ಚಾಕತ್ತಿಲ್ಲೇನು ಎಂದು ಕೇಳಿದ್ದಳು. ಏಳನೆಯದರ ಅಡಿ ಖಾಲಿ ಇತ್ತು.

ಇಲ್ಲಿಯವರೆಗೆ ಆದದ್ದರಲ್ಲಿ ವಿಚಿತ್ರ ಏನೂ ಇಲ್ಲ. ಒಬ್ಬ ಹೆಣ್ಣುಮಗಳು ತನ್ನವರನ್ನು ನಂಬಿ ಬರೆದಳು, ತನ್ನವರು ನೋಡಲಿಲ್ಲ, ಅಷ್ಟೇ.

ಗಂಗಾಳದ ಪಕ್ಕದಲ್ಲಿ ಹಳದಿ ಪಾಕೀಟು ಉಳಿದಿತ್ತು. ಅದರಲ್ಲಿ ನೋಡುವುದು ಏನೂ ಇರಲಿಲ್ಲ. ಅದು ನಾನು ಕೊಂಡದ್ದು, ನಾನು ಹಚ್ಚಿದ್ದು. ಆದರೂ ಅದರ ಮೂಲೆಯನ್ನೂ ಕತ್ತರಿಸಿದೆ. ಉಳಿದವುಗಳನ್ನು ಹಾಕಿದ ಕೈ, ಅದನ್ನೂ ಹಾಕಿತು. ಆ ಟಿಕೀಟು ಬೇಗ ಏಳಲಿಲ್ಲ. ಅಂಟಿನ ಡಬ್ಬಿಯಿಂದ ದಪ್ಪಗೆ ಬಳಿದಿದ್ದೆನಲ್ಲ. ಎರಡು ಸಲ ನೀರು ಬದಲಿಸಬೇಕಾಯಿತು. ಕೊನೆಗೆ ಎದ್ದಾಗ ಅಂಟು ಲೋಳೆಯಾಗಿ ನೀರಲ್ಲಿ ಬಿಟ್ಟಿತು, ಅದರ ಕೆಳಗೆ ಹಳದಿ ಕಾಗದದ ಮೇಲೆ ಎಡಕ್ಕೆ ವಾಲಿದ ಅಕ್ಷರಗಳು ಕಂಡವು.

"ಬಿಟ್ಟೇನಿ ಅಂದಿದ್ದಿ. ಈಗ್ಯಾಕ ಬಿಚ್ಚಿದಿ?"

ನಾನು ಕೂಗಿದೆನಂತೆ. ಮಹಾನಂದಾ ಎದ್ದು ಬಂದಳು. ಕಾಗದದ ತುಂಡನ್ನು ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ, ನಾನು ಏನೂ ಹೇಳುವ ಮೊದಲೇ, ಅದನ್ನು ಅಕ್ಷರಕ್ಕೆ ಅಕ್ಷರ ಗಟ್ಟಿಯಾಗಿ ಓದಿದಳು. "ಇದು ಯಾರ ಅಕ್ಷರರಿ?" ಎಂದು ಕೇಳಿದಳು. ಹೀಗಾಗಿ ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು ಎಂದು ಹೇಳುವ ದಾರಿಯೂ ನನಗಿಲ್ಲ.

ಆಮೇಲೆ ಬಾಯಿ ಮುಚ್ಚಿದ್ದ ಪಾಕೀಟನ್ನು ಬ್ಲೇಡಿನಿಂದ ಸೀಳಿದೆ. ನನ್ನ ಪತ್ರ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಟಿಕೀಟಿನ ಹುಚ್ಚು ಬಿಟ್ಟೇನಿ ಎಂಬ ಸಾಲು ಇತ್ತು. ಆ ಸಾಲನ್ನು ಬರೆದ ನಾನೊಬ್ಬನೇ ಅಲ್ಲಿಯತನಕ ಓದಿದ್ದೆ ಎಂದು ನಂಬಿಕೊಂಡಿದ್ದೆ.

ಎಲ್ಲ ರೀತಿಯಿಂದ ಯೋಚಿಸಿದ್ದೇನೆ. ಬೇರೆ ಪಾಕೀಟಿನ ಮಸಿ ನೀರಲ್ಲಿ ಬಂದು ಅಂಟಿತು ಎಂದರೆ, ಆ ಮಾತು ಬೇರೆ ಯಾವ ಪಾಕೀಟಿನಲ್ಲೂ ಇರಲಿಲ್ಲ. ನನ್ನ ಪತ್ರ ಅವಳು ಇರುವಾಗಲೇ ಮುಟ್ಟಿ, ಅವಳು ಹೇಗೋ ಬಿಚ್ಚಿ ಓದಿ, ಬರೆದು ಮತ್ತೆ ಹಚ್ಚಿ ಹಿಂದಿರುಗಿಸಿದಳೇ? ಇದನ್ನು ಕೇಳಲೆಂದೇ ಮತ್ತೆ ಆಳಂದಕ್ಕೆ ಹೋದೆ. ಮೆಹಬೂಬಸಾಬರು ನೀರಿಗೆ ಹಾಕಿದಿರಾ ಎಂದು ಮೊದಲು ನೊಂದುಕೊಂಡರು. ನಂತರ ಆ ಬರಹವನ್ನು ಭೂತಗನ್ನಡಿಯಲ್ಲಿ ನೋಡಿದರು, ಉಳಿದ ಆರರ ಪಕ್ಕ ಇಟ್ಟು ನೋಡಿದರು. ಕೈ ಒಂದೇ ಅದ ಅಂದರು. ಶಿಕ್ಕಾ ಬಿದ್ದ ಮೇಲೆ ಈ ಟಿಕೀಟು ಎದ್ದಿರಲಿಲ್ಲ ಎಂಬ ತಮ್ಮ ಮಾತು ಬದಲಿಸಲು ಮಾತ್ರ ಒಪ್ಪಲಿಲ್ಲ. ಯಾರು ಬರೆದದ್ದು ಎಂದು ಕೇಳಿದರು. ಹೇಳಿದೆ. ತುಂಡುಗಳನ್ನೆಲ್ಲ ಕೂಡಿಸಿ ನನ್ನ ಕಡೆ ಸರಿಸಿ, "ಮನ್ಯಾಗ ಇಟ್ಕೋರಿ ಮಾಸ್ತರ್ರ. ಯಾರಿಗೂ ತೋರಸಬ್ಯಾಡ್ರಿ" ಅಂದರು. ಆವತ್ತು ಚಹಾ ತರಿಸಲಿಲ್ಲ.

ಈಗ ಯಾವ ಹಳ್ಳಿಯಲ್ಲಿ ಏನು ಗುಲ್ಲೆದ್ದರೂ ನಾನು ಹೋಗುವುದಿಲ್ಲ. ಭಾನಾಮತಿಯನ್ನು ನಂಬಿದೆನೆಂದು ತಿಳಿಯಬೇಡಿ. ಆದರೆ ಕಟ್ಟೆಯ ಮೇಲೆ ನಿಂತು ಇನ್ನೊಬ್ಬರಿಗೆ ಬೈಯಲು ನಾಲಿಗೆ ಏಳುವುದಿಲ್ಲ. ಜೋಳದ ಹಿಟ್ಟಿನ ಅಂಟು ಕಾಯಿಸಿ ಆ ಟಿಕೀಟನ್ನು ಮೊದಲಿನ ಜಾಗಕ್ಕೇ ಹಚ್ಚಲು ನೋಡಿದೆ. ಎಷ್ಟು ಸಲ ಮಾಡಿದರೂ ಶಿಕ್ಕಾದ ಗೆರೆಗಳು ಒಂದಕ್ಕೊಂದು ಕೂಡಲಿಲ್ಲ. ಮೆಹಬೂಬಸಾಬರು ಹೇಳಿದ್ದು ನಿಜ.

ಆ ಅಕ್ಷರ ಅಲ್ಲಿಗೆ ಹೇಗೆ ಬಂತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರಿದ್ದರೆ ಹೇಳಿ, ಮೂವತ್ತೆರಡು ವರ್ಷ ಹುಡುಗರಿಗೆ ಕಲಿಸಿದವನು ಈಗ ಕೂತು ಕೇಳುತ್ತೇನೆ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ್ಯಾಕ ಬಿಚ್ಚಿದಿ ಎಂದರೆ, ಲಕ್ಷ ರೂಪಾಯಿ ಬರುತ್ತದೇನೋ ಎಂದು ಬಿಚ್ಚಿದೆ ಅಕ್ಕಾ.